ಸೌಂದರ್ಯ ಸಲಹೆ: ಯಾರು, ಯಾರಿಗೆ ಹೇಳುತ್ತಿದ್ದಾರೆ?

ಕನ್ನಡದಲ್ಲಿ ಕಾದಂಬರಿಗೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ಚಲನಚಿತ್ರಕ್ಕಂತೂ ಬೇಕಾದಷ್ಟು ಉಂಟು. ಆದರೆ ಕಾದಂಬರಿಗಿಂತ ಹೆಚ್ಚು ಶ್ರದ್ಧೆಯಿಂದ ಓದಲ್ಪಡುವ, ಓದಿದ ದಿನವೇ ಬಚ್ಚಲಮನೆಯಲ್ಲಿ ಪ್ರಯೋಗಕ್ಕೂ ಬರುವ ಒಂದು ಬರವಣಿಗೆಯನ್ನು ನಮ್ಮ ವಿಮರ್ಶಕರು ಕಣ್ಣೆತ್ತಿ ನೋಡಿದಂತಿಲ್ಲ. ಅದು ಸ್ತ್ರೀಯರಿಗಾಗಿ ಬರೆಯುವ ಸೌಂದರ್ಯ ಸಲಹೆ. ವಾರಪತ್ರಿಕೆಗಳ ಮಹಿಳಾ ಪುಟದಲ್ಲಿ, ವಿಶೇಷಾಂಕಗಳ ‘ಅಂದ ಚೆಂದ’ ವಿಭಾಗದಲ್ಲಿ ಬೆಳೆದು, ಈಗ ಮೊಬೈಲಿನ ಎರಡು ನಿಮಿಷದ ವೀಡಿಯೊಗಳಲ್ಲಿ ಹಗಲಿರುಳೂ ಹರಿಯುತ್ತಿರುವ ಈ ಸಾಹಿತ್ಯವನ್ನು ‘ಹೆಂಗಸರ ವಿಷಯ’ವೆಂದು ಪಕ್ಕಕ್ಕಿಡುವುದು ಸರಿಯಲ್ಲವೆಂದೇ ನಮ್ಮ ಅಭಿಮತ. ನಮ್ಮ ಹೆಣ್ಣುಮಕ್ಕಳು ಕನ್ನಡಿಯಲ್ಲಿ ತಮ್ಮನ್ನು ಯಾವ ಮಾತುಗಳಿಂದ ಅಳೆದುಕೊಳ್ಳುತ್ತಾರೆಂಬುದು ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತಿದೆ.

ಇದು ಹೊಸ ಕಸುಬೇನೂ ಅಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥವನ್ನು ಬರೆದನು. ಜನಸಾಮಾನ್ಯರಿಗೆ ಬೇಕಾದ ತಿಳಿವಳಿಕೆಯನ್ನೆಲ್ಲ ಕನ್ನಡದಲ್ಲಿ ಒಟ್ಟುಮಾಡಿದ ಪುಸ್ತಕವದು. ಅದರಲ್ಲಿ ನೀರು ಎಲ್ಲಿ ಸಿಕ್ಕೀತು, ಗಿಡಮರಗಳನ್ನು ಹೇಗೆ ಸಾಕಬೇಕು, ಅಡುಗೆ ಹೇಗೆ, ಮದ್ದು ಯಾವುದು ಎಂಬ ವಿಷಯಗಳ ಜೊತೆಯಲ್ಲಿಯೇ ಸುಗಂಧದ್ರವ್ಯಗಳನ್ನು ಮಾಡುವ ಕ್ರಮವೂ ಇದೆ. ಆ ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮಣಿಕೊಂಡದಲ್ಲಿರುವ ನಮಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ನಾವು ಗಮನಿಸಬೇಕಾದುದು ಇಷ್ಟು: ಆ ಪುಸ್ತಕದಲ್ಲಿ ಗಂಧವು ಬಾವಿಗೂ ಅಡುಗೆಮನೆಗೂ ನೆರೆಯಲ್ಲಿದೆ. ಅಲಂಕಾರವನ್ನು ನೀರು, ಅನ್ನ, ಆರೋಗ್ಯಗಳಿಂದ ಬೇರ್ಪಡಿಸಿ ಪ್ರತ್ಯೇಕ ಪುಟಕ್ಕೆ ಹಾಕಿದ್ದು ನಮ್ಮ ಕಾಲದ ಕೆಲಸ.

ಬೆಂಗಳೂರಿನಿಂದ 1965ರಲ್ಲಿ ‘ಸುಧಾ’ ಹೊರಟಿತು, ಮಣಿಪಾಲದಿಂದ 1983ರಲ್ಲಿ ‘ತರಂಗ’. ಮನೆಮಂದಿಯೆಲ್ಲ ಓದುವ ಇಂಥ ವಾರಪತ್ರಿಕೆಗಳ ದೆಸೆಯಿಂದ ಹೊರನಾಡಿನ ಎಷ್ಟೋ ಮನೆಗಳಲ್ಲಿ ಕನ್ನಡ ಉಳಿಯಿತು. ಸಲಹೆಯ ಪುಟಗಳು ಒಳ್ಳೆಯದನ್ನೂ ಮಾಡಿವೆ. ಅತ್ತೆಯ ಹತ್ತಿರ ಕೇಳಲಾಗದ, ತಾಯಿಗೆ ಬರೆಯಲಾಗದ ಪ್ರಶ್ನೆಯನ್ನು ಹೆಸರು ಮುಚ್ಚಿಟ್ಟು ಕೇಳುವ ಅವಕಾಶ ಅಲ್ಲಿತ್ತು. ಅಂಗಡಿಯ ಡಬ್ಬಿಗೆ ಹಣ ಸುರಿಯುವ ಬದಲು ಕಡಲೆಹಿಟ್ಟು ಸಾಕೆಂದು ಹೇಳುವ ಧೈರ್ಯವೂ ಅಲ್ಲಿತ್ತು. ಇದನ್ನು ಮರೆತು ಮಾತನಾಡುವುದು ಅನ್ಯಾಯವಾದೀತು.

ಆದರೆ ಸಲಹೆಯೆಂಬುದು ಒಬ್ಬರು ಇನ್ನೊಬ್ಬರಿಗೆ ಹೇಳುವ ಮಾತು. ಕೇಳುವವಳು ಯಾವ ಊರಿನವಳು, ಯಾವ ನೀರಿನಲ್ಲಿ ಮೀಯುತ್ತಾಳೆ, ಅವಳ ಮೈಬಣ್ಣವೇನು, ಅವಳಿಗೆ ದಿನದಲ್ಲಿ ಎಷ್ಟು ಬಿಡುವು ಎಂಬುದು ಹೇಳುವವನಿಗೆ ತಿಳಿದಿರಬೇಡವೇ? ಇದೊಂದನ್ನೇ ಒರೆಗಲ್ಲಾಗಿಟ್ಟುಕೊಂಡು ನೋಡಿದರೆ, ನಮ್ಮ ಸೌಂದರ್ಯ ಸಲಹೆಯ ಬಹುಪಾಲು ಯಾರಿಗೂ ಹೇಳಿದ್ದಲ್ಲ.

ಮೊದಲು ನೀರು. ಮಣಿಕೊಂಡವು 1998ರಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ, ಪಕ್ಕದ ಗಚ್ಚಿಬೌಲಿಯಲ್ಲೂ ಫೈನಾನ್ಷಿಯಲ್ ಡಿಸ್ಟ್ರಿಕ್ಟಿನಲ್ಲೂ ಕಚೇರಿಗಳೆದ್ದ ಮೇಲೆ, ನೋಡನೋಡುತ್ತ ಬೆಳೆದ ಊರು. ಇಲ್ಲಿನ ಅನೇಕ ವಸತಿ ಸಮುಚ್ಚಯಗಳಲ್ಲಿ ಬೋರ್‌ವೆಲ್ಲಿನ ನೀರು, ಬೇಸಿಗೆಯಲ್ಲಿ ಟ್ಯಾಂಕರಿನ ನೀರು. ಗಡಸು ನೀರೆಂದು ಬಕೆಟ್ಟಿನ ಅಂಚಿನ ಬಿಳಿಯ ಕಲೆಯೇ ಹೇಳುತ್ತದೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ಸೊಸೆ ಆರು ತಿಂಗಳೊಳಗೆ ‘ಇಲ್ಲಿಯ ನೀರಿಗೆ ನನ್ನ ಕೂದಲೆಲ್ಲ ಹೋಯಿತು ಅತ್ತೇ’ ಎಂದು ಕೊರಗುವುದನ್ನು ಕೇಳದ ಮನೆ ಇಲ್ಲಿ ಕಡಿಮೆ. ಸಲಹೆಯ ಪುಟ ಅವಳಿಗೆ ಏನು ಹೇಳುತ್ತದೆ? ದಾಸವಾಳದ ಎಲೆ ಅರೆದು ಹಚ್ಚಿ, ಈರುಳ್ಳಿ ರಸ ಹಚ್ಚಿ, ತೆಂಗಿನೆಣ್ಣೆ ಕಾಯಿಸಿ ಹಚ್ಚಿ. ಹಿತ್ತಲಲ್ಲಿ ದಾಸವಾಳ, ಬಾವಿಯಲ್ಲಿ ಮೆದು ನೀರು, ಗಾಳಿಯಲ್ಲಿ ತೇವ ಇರುವ ಕರಾವಳಿಯ ಹೆಂಗಸಿಗೆ ಹೊಂದುವ ಮಾತನ್ನು ಒಣಗಾಳಿಯ ಹೈದರಾಬಾದಿನ ಎಂಟನೆಯ ಅಂತಸ್ತಿಗೆ ಹಾಗೆಯೇ ರವಾನಿಸಿದ್ದಾರೆ.

ನಿಜವಾಗಿ ನಡೆಯುವುದೇನು? ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶಗಳು ಸಾಬೂನಿನೊಡನೆ ಸೇರಿ ಕರಗದ ಜಿಡ್ಡಾಗುತ್ತವೆ. ಅದು ಕೂದಲಿನ ಮೇಲೆ ಕೂತು ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗುತ್ತದೆ. ಸೀಗೆಕಾಯಿಯ ನೊರೆ ಬೇರೆ ಜಾತಿಯದು, ಶಾಂಪೂವಿನದೂ ಬೇರೆ. ಇವೆರಡರಿಂದ ಆ ಜಿಡ್ಡು ಕಟ್ಟುವುದಿಲ್ಲ. ಆದ್ದರಿಂದ ಇಲ್ಲಿ ತಲೆಗೆ ಸಾಬೂನು ಹಚ್ಚುವುದನ್ನು ಬಿಟ್ಟು, ಕೊನೆಯ ಎರಡು ತಂಬಿಗೆಯನ್ನಾದರೂ ಒಳ್ಳೆಯ ನೀರಿನಲ್ಲಿ ಹೊಯ್ದುಕೊಳ್ಳಿ ಎಂದರೆ ಅದು ಸಲಹೆ. ಇನ್ನು ತುಂಡಾಗುವುದು ಬೇರೆ, ಬೇರುಸಹಿತ ಉದುರುವುದು ಬೇರೆ. ಹೆರಿಗೆಯಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು, ಬಹುಮಂದಿಗೆ ಅದು ವರ್ಷದೊಳಗೆ ತಾನಾಗಿ ಸರಿಹೋಗುತ್ತದೆ. ಥೈರಾಯಿಡಿನಿಂದ ಉದುರುವುದುಂಟು, ದೊಡ್ಡ ಜ್ವರದ ನಂತರ ಉದುರುವುದುಂಟು, ರಕ್ತಹೀನತೆಯಿಂದಲೂ ಉಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಇಂಥ ದೇಶದಲ್ಲಿ ಕೂದಲುದುರುವಿಕೆಯ ಬಗ್ಗೆ ಸಾವಿರ ವೀಡಿಯೊ ಬಂದು, ‘ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಮ್ಮ’ ಎಂಬ ಮಾತು ಅಪರೂಪವಾಗಿರುವುದನ್ನು ಏನೆನ್ನೋಣ! ಈರುಳ್ಳಿಯನ್ನು ತಲೆಗೆ ಹಚ್ಚುವ ಬದಲು ನುಗ್ಗೆಸೊಪ್ಪಿನ ಪಲ್ಯಕ್ಕೆ ಹಾಕಿ ತಿಂದರೆ ನಷ್ಟವಂತೂ ಇಲ್ಲ.

‘ಮನೆಮದ್ದಿನಿಂದ ಹಾನಿಯಿಲ್ಲ’ ಎಂಬುದು ಈ ಬರವಣಿಗೆಯ ಎರಡನೆಯ ಮೂಢನಂಬಿಕೆ. ನಿಂಬೆಹಣ್ಣನ್ನು ಹೋಳು ಮಾಡಿ ಮುಖಕ್ಕೆ ಉಜ್ಜಿಕೊಂಡು ಬಿಸಿಲಿಗೆ ಹೋದರೆ, ರಸ ತಾಗಿದಲ್ಲೆಲ್ಲ ಸುಟ್ಟಂತಾಗಿ, ವಾರಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಕಲೆ ಹೋಗಲೆಂದು ಹಚ್ಚಿದ್ದೇ ಕಲೆ ತರುತ್ತದೆ. ಅಡುಗೆ ಸೋಡ ಕ್ಷಾರ, ಚರ್ಮ ಸಹಜವಾಗಿ ಸ್ವಲ್ಪ ಆಮ್ಲ. ಅದನ್ನು ‘ನೈಸರ್ಗಿಕ’ವೆಂದುಬಿಟ್ಟರೆ ಗುಣ ಬದಲಾಗುವುದಿಲ್ಲ. ಅರಿಶಿನವನ್ನು ನಾವು ತೆಗಳುವವರಲ್ಲ. ಮಂಗಳದ್ರವ್ಯವಾಗಿ ಅದಕ್ಕಿರುವ ಸ್ಥಾನ ಬೇರೆ, ಅದು ಮೈಬಣ್ಣ ತಿರುಗಿಸುತ್ತದೆಂಬ ಭರವಸೆ ಬೇರೆ.

ಮೈಬಣ್ಣವೆಂದ ಮೇಲೆ ಇಲ್ಲಿ ಸ್ವಲ್ಪ ನಿಲ್ಲಲೇಬೇಕು. ವಿಷಯದ ಮರ್ಮವಿರುವುದು ಇಲ್ಲಿಯೇ.

ನಮ್ಮ ಭಾಷೆಯಲ್ಲಿ ಮೈಬಣ್ಣಕ್ಕೆ ಎಷ್ಟು ಮಾತುಗಳಿವೆ! ಎಣ್ಣೆಗೆಂಪು, ಸಾದಗಪ್ಪು, ನಸುಗಪ್ಪು, ಗೋಧಿ ಬಣ್ಣ, ಕೆಂಪು. ‘ಹುಡುಗಿ ಎಣ್ಣೆಗೆಂಪು, ಲಕ್ಷಣವಾಗಿದ್ದಾಳೆ’ ಎಂದು ಹಿರಿಯರು ಹೇಳುವಾಗ ಆ ‘ಲಕ್ಷಣ’ವೆಂಬ ಮಾತು ಬಣ್ಣದ ಅಧೀನದಲ್ಲಿರಲಿಲ್ಲ. ಹಿಂದಿನವರಲ್ಲಿ ಬಿಳಿಯ ಬಣ್ಣದ ವ್ಯಾಮೋಹ ಇರಲಿಲ್ಲವೆಂದು ನಾವು ವಾದಿಸುವುದಿಲ್ಲ. ವರಾನ್ವೇಷಣೆಯ ಜಾಹೀರಾತುಗಳನ್ನು ಓದಿದವರಾರೂ ಹಾಗೆನ್ನಲಾರರು. ಆದರೂ ಮಾತಾದರೂ ಇತ್ತು. ಸಲಹೆಯ ಪುಟ ಈ ಮಾತುಗಳನ್ನೆಲ್ಲ ಗುಡಿಸಿಹಾಕಿ ಅವುಗಳ ಜಾಗದಲ್ಲಿ ಎರಡನ್ನು ಇಟ್ಟಿತು: ‘ಕಳೆಗುಂದಿದ ತ್ವಚೆ’ ಮತ್ತು ‘ಕಾಂತಿಯುತ ತ್ವಚೆ’. ಎಣ್ಣೆಗೆಂಪಿನ ಹುಡುಗಿಗೆ ಈ ಭಾಷೆಯಲ್ಲಿ ತನ್ನನ್ನು ಹೇಳಿಕೊಳ್ಳಲು ಮಾತಿಲ್ಲ. ಅವಳು ಇನ್ನೂ ಗುಣವಾಗದ ಒಂದು ರೋಗ, ಅಷ್ಟೇ.

ಇದಕ್ಕೆ ಹಿನ್ನೆಲೆಯುಂಟು. ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪು ಮೈಬಣ್ಣದವರನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿಯು 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ನಮ್ಮ ಸಲಹೆಗಾರರೂ ಹಿಂದೆಯೇ ನಡೆದು ‘ಬಿಳುಪು’ ಬಿಟ್ಟು ‘ಹೊಳಪು’ ಹಿಡಿದರು. ಹೊಳಪಿನ ಲೇಖನದೊಡನೆ ಅಚ್ಚಾಗುವ ಮುಖ ಮಾತ್ರ ಬದಲಾಗಲಿಲ್ಲ. ತಮಾಷೆಯೆಂದರೆ, ಜಾಹೀರಾತಿಗೆ ನಿಯಮವುಂಟು, ಅದರ ಪಕ್ಕದ ಅಂಕಣದಲ್ಲಿ ಬರುವ ಸಲಹೆಗೆ ಯಾವ ನಿಯಮವೂ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಭಾಷೆಯ ಜಗಳವೆಂದು ಬಿಡಬಹುದಿತ್ತು. ಬಿಳುಪಿನ ಆಸೆ ಅಡುಗೆಮನೆಯಲ್ಲಿ ತೀರದಾಗ ಔಷಧದ ಅಂಗಡಿಗೆ ಹೋಗುತ್ತದೆ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದ ಕೆಲವು ದಿನ ಮುಖ ತಿಳಿಯಾಗುತ್ತದೆ, ಅಕ್ಕಪಕ್ಕದವರು ಗುಟ್ಟು ಕೇಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ನರಗಳು ಕೆಂಪಗೆ ಕಂಡು, ಮೊಡವೆಯೆದ್ದು, ಮುಲಾಮು ಬಿಟ್ಟರೆ ಉರಿ ತಡೆಯಲಾಗುವುದಿಲ್ಲ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆಜ್ಞೆ ಮಾಡಿತು. ಪಾದರಸದ ಕ್ರೀಮುಗಳು ಇನ್ನೂ ಘೋರ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಂದ ರೋಗಿಗಳನ್ನು ವಿಚಾರಿಸುತ್ತ ಹೋದ ವೈದ್ಯರಿಗೆ ಅವರಲ್ಲಿ ಹಲವರು ಬಿಳಿಯಾಗಲು ಹಚ್ಚುತ್ತಿದ್ದ ಕ್ರೀಮುಗಳಲ್ಲಿ ಪಾದರಸ ಕಂಡಿತು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ತಗುಲಿತ್ತು. ತಯಾರಿಸಿದವರ ಹೆಸರು, ವಿಳಾಸ, ಒಳಗಿರುವ ವಸ್ತುಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಯಾರು ತಂದುಕೊಟ್ಟರೂ, ವಿದೇಶದಿಂದ ಬಂದ ನಾದಿನಿಯೇ ಕೊಟ್ಟರೂ, ಮನೆಯೊಳಗೆ ಇಟ್ಟುಕೊಳ್ಳಬೇಡಿ.

ಬಿಡುವಿನ ವಿಚಾರ. ಒಂದು ವಾರದಲ್ಲಿ ಬಂದ ಸಲಹೆಗಳನ್ನೆಲ್ಲ ಒಬ್ಬಳೇ ಪಾಲಿಸಿದರೆ ಎಷ್ಟು ಹೊತ್ತಾದೀತೆಂದು ನಾವು ಲೆಕ್ಕ ಹಾಕಿದೆವು. ಬೆಳಿಗ್ಗೆ 15 ನಿಮಿಷ, ರಾತ್ರಿ 10 ನಿಮಿಷ, ಏಳು ದಿನಕ್ಕೆ 175. ವಾರಕ್ಕೆರಡು ಸಲ ಲೇಪ, ಕಲಸಿ ಹಚ್ಚಿ ಒಣಗಿ ತೊಳೆಯಲು ತಲಾ 40, ಒಟ್ಟು 80. ಎಣ್ಣೆ ಹಚ್ಚಿ ನೆನೆಯಲು 60, ತಲೆಯ ಲೇಪಕ್ಕೆ 45. ಕೂಡಿದರೆ 360 ನಿಮಿಷ, ಆರು ಗಂಟೆ. ಮಗುವಿನ ಶಾಲೆಯ ಬಸ್ಸು, ಗಂಡನ ಡಬ್ಬಿ, ತನ್ನ ಕಚೇರಿ, ಸಂಜೆಯ ವಾಹನಸಂದಣಿ ಇವುಗಳ ನಡುವೆ ಆ ಆರು ಗಂಟೆ ಎಲ್ಲಿಂದ ಬರಬೇಕು? ಸಲಹೆಗಾರರು ಇದನ್ನು ‘ನಿಮಗಾಗಿ ನೀವು ಕೊಟ್ಟುಕೊಳ್ಳುವ ಸಮಯ’ ಎನ್ನುತ್ತಾರೆ. ಆ ಸಮಯ ಸಿಕ್ಕವಳು ನಿದ್ದೆ ಮಾಡಿದರೆ ಮುಖಕ್ಕೂ ಒಳ್ಳೆಯದೆಂದು ನಮಗೆ ತೋರುತ್ತದೆ.

ಉಡುಗೆಯ ಸಲಹೆಯೂ ಇದೇ ಹಾದಿಯದು. ‘ಕಪ್ಪು ಮೈಯವರು ಗಾಢ ಬಣ್ಣ ಉಡಬಾರದು’ ಎಂಬ ವಾಕ್ಯ ಒಂದು ಅಂಕಣದಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇದೆ. ಇದನ್ನು ಬರೆದವರು ಬಾಗಲಕೋಟೆಯ ಕಡೆಯ ಸಂತೆಯನ್ನು ನೋಡಿಲ್ಲ. ದಾಳಿಂಬೆ ಕೆಂಪಿನ ಇಳಕಲ್ ಸೀರೆ, ಕಪ್ಪು ಒಡಲಿನ ಚಂದ್ರಕಾಳಿ, ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ಬಿಸಿಲಲ್ಲಿ ದುಡಿದ ಮೈಗೆ ಅವು ಒಪ್ಪಿದಷ್ಟು ತಿಳಿಗುಲಾಬಿ ಒಪ್ಪುವುದುಂಟೇ! 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವಾದ್ದರಿಂದ ಕಾಚಿಗುಡದ ಹಳೆಯ ಕನ್ನಡ ಮನೆಗಳಲ್ಲಿ ಈ ಸೀರೆಗಳು ಹೊಸಬರಲ್ಲ. ಮಣಿಕೊಂಡದ ನಾವು ಮಾತ್ರ ಅವನ್ನು ರಾಜ್ಯೋತ್ಸವದ ದಿನಕ್ಕೆಂದು ಕಪಾಟಿನಲ್ಲಿಟ್ಟು, ನಾಲ್ವತ್ತು ಡಿಗ್ರಿಯ ಬೇಸಿಗೆಯಲ್ಲಿ ಬೆವರು ಹೀರದ ಕೃತಕ ರೇಷ್ಮೆಯಲ್ಲಿ ಬೇಯುತ್ತೇವೆ. ಗದ್ವಾಲ್, ನಾರಾಯಣಪೇಟೆ ಎರಡೂ ನಮ್ಮ ಗಡಿಗೆ ತಾಗಿದ ಊರುಗಳು. ಗದ್ವಾಲಿನ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಹೆಣೆಯುವ ಕ್ರಮಕ್ಕೂ, ಇಳಕಲ್ಲಿನಲ್ಲಿ ಸೆರಗಿನ ನೂಲನ್ನು ಒಡಲಿನ ನೂಲಿಗೆ ಕೊಂಡಿ ಹಾಕಿ ಸೇರಿಸುವ ಕ್ರಮಕ್ಕೂ ನೆಂಟಸ್ತಿಕೆ ಕಾಣುತ್ತದೆ. ಈ ಊರಿನ ಹವೆಗೆ ಹತ್ತಿಯ ಒಡಲಿಗಿಂತ ಹಿತವಾದದ್ದು ಯಾವುದಿದೆ? ಇದನ್ನು ಹೇಳುವ ಕನ್ನಡ ಅಂಕಣವೊಂದು ನಮ್ಮ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ.

ಆಷಾಢ ಬಂತೆಂದರೆ ನಮ್ಮ ತೆಲುಗು ನೆರೆಯವರು ಗೋರಿಂಟಾಕು ಹಚ್ಚಿಕೊಳ್ಳಲು ನಮ್ಮ ಹೆಣ್ಣುಮಕ್ಕಳನ್ನೂ ಕರೆಯುತ್ತಾರೆ. ನಮ್ಮ ಗೋರಂಟಿಯೇ ಅದು, ಹೆಸರು ಕೂಡ ಅಕ್ಕತಂಗಿ. ಎಲೆ ಅರೆದು ಹಚ್ಚಿದರೆ ಮೊದಲು ಕಿತ್ತಳೆಯಾಗಿ, ಮರುದಿನಕ್ಕೆ ಕೆಂಪಾಗಿ ತಿರುಗುತ್ತದೆ. ಗಂಟೆಯೊಳಗೆ ಕಡುಕಪ್ಪಾಗುವ ಕೋನುಗಳಲ್ಲಿ ಇರುವುದು ಬರಿಯ ಎಲೆಯಲ್ಲ. ಕೂದಲ ಬಣ್ಣಕ್ಕೆ ಬಳಸುವ ಪಿ.ಪಿ.ಡಿ. ಎಂಬ ರಾಸಾಯನಿಕವನ್ನು ಬೆರೆಸಿರುವುದುಂಟು, ಅದರಿಂದ ಮಕ್ಕಳ ಕೈಯಲ್ಲಿ ಬೊಬ್ಬೆಯೆದ್ದು ಗುರುತು ಉಳಿದ ಪ್ರಸಂಗಗಳಿವೆ. ಆದ್ದರಿಂದ ಹುಡುಗಿಯರನ್ನು ಕಳುಹಿಸುವಾಗ ಕೋನು ಬೇಡ, ಎಲೆಯೇ ಇರಲಿ ಎನ್ನಿ. ಒರಳಿಗೆ ಹಾಕಲು ಒಂದು ಹಿಡಿ ಎಲೆ, ಅಂಟಿಸಿಕೊಂಡು ಕೂರಲು ಒಂದು ರಾತ್ರಿ ಸಾಕು.