ಎರಡನೇ ಸ್ಟೇಜು

ಅಪ್ಪ ಹೋಗಿ ಆರನೆಯ ದಿನಕ್ಕೆ ಮನೆಯಲ್ಲಿ ಎರಡು ಪುಸ್ತಕ ಬಂದು ಕೂತಿದ್ದವು. ಒಂದು ಜಗಲಿಯ ಮಣೆಯ ಮೇಲೆ, ಕೆಂಪು ಬಟ್ಟೆ ಸುತ್ತಿದ ಗರುಡಪುರಾಣ. ಸಂಜೆ ಭಟ್ಟರು ಬಂದು ಒಂದು ಅಧ್ಯಾಯ ಓದಿ, ಅರ್ಥ ಹೇಳಿ, ಸೂತಕದ ಮನೆಯಾದ್ದರಿಂದ ನೀರನ್ನೂ ಮುಟ್ಟದೆ ಹೋಗುತ್ತಿದ್ದರು. ಇನ್ನೊಂದು ಬೆಂಗಳೂರಿನಿಂದ ತಂಗಿಯ ಮಗ ತಂದದ್ದು, ಎಲಿಸಬೆತ್ ಕೂಬ್ಲರ್-ರಾಸ್ ಅವರ 'ಆನ್ ಡೆತ್ ಅಂಡ್ ಡೈಯಿಂಗ್'. ಹುಡುಗ ಎಂ.ಎಸ್.ಡಬ್ಲ್ಯು. ಓದುತ್ತಿದ್ದಾನೆ. ಮಧ್ಯಾಹ್ನ ನಾನು ಶಾಮಿಯಾನದವನ ಮೇಲೆ ಕೂಗಾಡಿದ್ದನ್ನು ನೋಡಿ ಹತ್ತಿರ ಬಂದು, "ಬೇಜಾರ್ ಮಾಡ್ಕೋಬೇಡಿ ಮಾವ, ನೀವೀಗ ಸೆಕೆಂಡ್ ಸ್ಟೇಜಲ್ಲಿದೀರಿ, ಆಂಗರ್" ಎಂದ. ಶಾಮಿಯಾನದವನು ಇಪ್ಪತ್ತು ಕುರ್ಚಿ ಕಡಿಮೆ ತಂದಿದ್ದ. ನನ್ನ ಸಿಟ್ಟಿಗೆ ಅದಕ್ಕಿಂತ ಆಳದ ಕಾರಣ ಬೇಕಿರಲಿಲ್ಲ.

ಆ ಸಿಟ್ಟಿನಲ್ಲೇ ಪುಸ್ತಕ ಓದಲು ಶುರುಮಾಡಿದೆ. ತಪ್ಪು ಹುಡುಕುವುದಕ್ಕೆಂದೇ ಓದಿದೆ ಅಂದರೂ ಸರಿ. 1969ರಲ್ಲಿ ಬಂದ ಈ ಪುಸ್ತಕವನ್ನು ಓದಿದವರಿಗಿಂತ ಅದರ ಐದು ಶಬ್ದಗಳನ್ನು ಕೇಳಿ ಬಲ್ಲವರೇ ಹೆಚ್ಚು. ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಕೊನೆಗೆ ಒಪ್ಪಿಗೆ. ಸಾವು ಎದುರಾದಾಗ ಮನಸ್ಸು ಹತ್ತುವ ಐದು ಮೆಟ್ಟಿಲು. ಕೌನ್ಸೆಲಿಂಗ್ ತರಗತಿ, ವಾಟ್ಸ್ಯಾಪ್ ಸಂದೇಶ, ಇಂಗ್ಲಿಷ್ ಧಾರಾವಾಹಿ ಎಲ್ಲ ಕಡೆ ಈ ಮೆಟ್ಟಿಲುಗಳಿವೆ. ಪುಸ್ತಕದೊಳಗೆ ಹೊಕ್ಕರೆ ಮಾತ್ರ ಮೆಟ್ಟಿಲಿಗಿಂತ ಮೊದಲು ಸಿಗುವುದು ಒಬ್ಬ ರೈತ.

ಕೂಬ್ಲರ್-ರಾಸ್ ಸ್ವಿಟ್ಜರ್‌ಲೆಂಡಿನವರು. ಅವರು ಚಿಕ್ಕವರಿದ್ದಾಗ ಊರಿನ ರೈತನೊಬ್ಬ ಮರದಿಂದ ಬಿದ್ದ. ಬದುಕುವುದಿಲ್ಲವೆಂದು ಗೊತ್ತಾಗಿ, ಮನೆಯಲ್ಲೇ ಸಾಯುತ್ತೇನೆ ಎಂದ. ಯಾರೂ ಬೇಡವೆನ್ನಲಿಲ್ಲ. ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು ಮಾತಾಡಿದ, ಹೊಲಮನೆಯ ವ್ಯವಸ್ಥೆ ಹೇಳಿದ, ಗೆಳೆಯರನ್ನು ಕರೆಸಿಕೊಂಡ. ಮಕ್ಕಳನ್ನು ಯಾರೂ ಹೊರಗೆ ಅಟ್ಟಲಿಲ್ಲ. ನಮ್ಮ ಅಜ್ಜಂದಿರ ಕಾಲದ ಯಾವುದೇ ಮನೆಯ ಕಥೆಯಂತೆಯೇ ಇದೆ. ಅಮೆರಿಕದ ವೈದ್ಯಶಾಸ್ತ್ರದ ಪುಸ್ತಕವೊಂದು ಹೀಗೆ ಶುರುವಾಗುತ್ತದೆಂದು ನಾನು ಎಣಿಸಿರಲಿಲ್ಲ. ಅಧ್ಯಾಯಗಳ ತಲೆಯ ಮೇಲೆ ರವೀಂದ್ರನಾಥ ಟಾಗೋರರ ಸಾಲುಗಳಿರುತ್ತವೆಂದೂ ಎಣಿಸಿರಲಿಲ್ಲ.

ಮುಂದಿನದು ಷಿಕಾಗೋ. 1965ರಲ್ಲಿ ದೈವಶಾಸ್ತ್ರ ಓದುತ್ತಿದ್ದ ನಾಲ್ಕು ವಿದ್ಯಾರ್ಥಿಗಳು ಬಂದು, ಸಾಯುತ್ತಿರುವವರ ಬಗ್ಗೆ ಅಧ್ಯಯನ ಮಾಡಬೇಕು, ದಾರಿ ತೋರಿಸಿ ಎಂದರು. ಸಾಯುತ್ತಿರುವವರ ಬಗ್ಗೆ ತಿಳಿಯಬೇಕಾದರೆ ಅವರನ್ನೇ ಕೇಳಬೇಕಲ್ಲ ಎಂದುಕೊಂಡು ಈಕೆ ವಾರ್ಡುಗಳಿಗೆ ಹೋದರು. 600 ಹಾಸಿಗೆಯ ಆ ಆಸ್ಪತ್ರೆಯಲ್ಲಿ ಸಾಯುತ್ತಿರುವ ರೋಗಿ ಒಬ್ಬನೂ ಇರಲಿಲ್ಲ! ಯಾವ ಡಾಕ್ಟರನ್ನು ಕೇಳಿದರೂ ನಮ್ಮಲ್ಲಿ ಅಂಥವರಿಲ್ಲ ಎಂದೇ ಉತ್ತರ. ಕಡೆಗೂ ಸಿಕ್ಕವನು ಒಬ್ಬ ಮುದುಕ. ಕೂತುಕೋ, ಮಾತಾಡಬೇಕು ಎಂದು ಕೈಚಾಚಿ ಕರೆದ. ಈಕೆ, ಇವತ್ತಲ್ಲ, ನಾಳೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ ಎಂದು ಹೊರಟುಬಂದರು. ಮರುದಿನ ಹೋದಾಗ ಅವನಿಗೆ ಮಾತಾಡುವ ಶಕ್ತಿ ಇರಲಿಲ್ಲ. ಒಂದು ಗಂಟೆಯೊಳಗೆ ತೀರಿಕೊಂಡ. ಈ ತಪ್ಪನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ನನ್ನ ಮಟ್ಟಿಗೆ ಪುಸ್ತಕದ ಜೀವ ಇರುವುದು ಈ ಒಂದು ಪುಟದಲ್ಲಿ. ಐದು ಮೆಟ್ಟಿಲುಗಳನ್ನು ಕಿತ್ತು ಹಾಕಿದರೂ ಪುಸ್ತಕ ನಿಲ್ಲುತ್ತದೆ. ಈ ಮುದುಕನನ್ನು ಕಿತ್ತರೆ ನಿಲ್ಲುವುದಿಲ್ಲ.

ಇದನ್ನು ಓದುವಾಗ ನನಗೆ ಬೆವರಿತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ದೊಡ್ಡ ಡಾಕ್ಟರು ನನ್ನನ್ನೂ ಅಣ್ಣನನ್ನೂ ಕಾರಿಡಾರಿಗೆ ಕರೆದು, ನಿಂತಲ್ಲೇ, ಎರಡು ನಿಮಿಷದಲ್ಲಿ ವಿಷಯ ಹೇಳಿ ಮುಗಿಸಿದರು. "ಪೇಷಂಟ್‌ಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು" ಎಂದರು. ಬಿಟ್ಟೆವು. ಒಳಗೆ ಹೋದಾಗ ಅಪ್ಪ ಕನ್ನಡಕ ಒರೆಸಿಕೊಳ್ಳುತ್ತ, "ಏನಂತೆ?" ಎಂದ. "ಏನಿಲ್ಲಪ್ಪ, ಸ್ವಲ್ಪ ಇನ್ಫೆಕ್ಷನ್" ಎಂದೆ. ಅವನು ಕನ್ನಡಕವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದ. ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟರು, ಯಾವ ಹುಡುಗ ಹೋಂವರ್ಕ್ ಮಾಡದೆ ಬಂದಿದ್ದಾನೆಂದು ಮುಖ ನೋಡಿ ಹೇಳುತ್ತಿದ್ದವನು. ಮತ್ತೆ ಕೇಳಲಿಲ್ಲ.

ಇನ್ನು ಮೆಟ್ಟಿಲುಗಳ ವಿಷಯ. ಕೂಬ್ಲರ್-ರಾಸ್ ಇನ್ನೂರಕ್ಕೂ ಹೆಚ್ಚು ರೋಗಿಗಳ ಜೊತೆ ಮಾತಾಡಿ ಬರೆದದ್ದು ಸಾಯುತ್ತಿರುವವರ ಮನಸ್ಸಿನ ಬಗ್ಗೆ. ಜನ ಅದನ್ನು ಎತ್ತಿಕೊಂಡು ಹೋಗಿ ಉಳಿದವರ ದುಃಖಕ್ಕೆ ಹೊದಿಸಿದರು. ಹೋಗುವವನ ಸಿಟ್ಟೂ ಉಳಿದವನ ಸಿಟ್ಟೂ ಒಂದೇ ಜಾತಿಯದಲ್ಲ. ರೋಗಿಗಳ ಮಾತುಗಳನ್ನು ಅವರು ಉದ್ದಕ್ಕೆ ಹಾಗೇ ಕೊಟ್ಟಿರುವ ಪುಟಗಳಲ್ಲಿ ಒಬ್ಬನೇ ಮನುಷ್ಯ ಒಂದೇ ಗಂಟೆಯಲ್ಲಿ ಮೂರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಪುಸ್ತಕದ ಸಾಕ್ಷಿಗಳು ಪುಸ್ತಕದ ತೀರ್ಪಿಗಿಂತ ದೊಡ್ಡವು. ಆದರೆ ಅಧ್ಯಾಯಗಳಿಗೆ ಒಂದು, ಎರಡು, ಮೂರು ಎಂದು ನಂಬರು ಕೊಟ್ಟವರು ಅವರೇ. ಆಮೇಲೆ ಓದುಗರನ್ನು ದೂರಿ ಪ್ರಯೋಜನವಿಲ್ಲ. 2007ರಲ್ಲಿ ಅಮೆರಿಕದ ಸಂಶೋಧಕರು ಆಪ್ತರನ್ನು ಕಳೆದುಕೊಂಡ 233 ಜನರನ್ನು ಅಧ್ಯಯನ ಮಾಡಿ ಪ್ರಕಟಿಸಿದ ಲೇಖನದಲ್ಲಿ, ಒಪ್ಪಿಗೆಯೆಂಬುದು ಕೊನೆಯ ಮೆಟ್ಟಿಲೇ ಆಗಿರಲಿಲ್ಲ. ಮೊದಲಿಂದಲೂ ಎಲ್ಲಕ್ಕಿಂತ ಹೆಚ್ಚು ಜನ ಹೇಳಿಕೊಂಡದ್ದು ಅದನ್ನೇ. ನೋವಿನ ಭಾವಗಳಲ್ಲಿ ಮೇಲುಗೈಯಾಗಿದ್ದದ್ದು ಸಿಟ್ಟಲ್ಲ, ಖಿನ್ನತೆಯೂ ಅಲ್ಲ, ಹಂಬಲ. ಐದು ಶಬ್ದಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಹೋದವರು ಬಂದುಬಿಡಲಿ ಎನ್ನುವುದು ದುಃಖ ಅಂತ ನಮ್ಮೂರಿನ ಯಾವ ಹೆಂಗಸಾದರೂ ಹೇಳುತ್ತಿದ್ದಳು. 2004ರಲ್ಲಿ ಕೂಬ್ಲರ್-ರಾಸ್ ತೀರಿಕೊಂಡರು. ಮರುವರ್ಷ ಡೇವಿಡ್ ಕೆಸ್ಲರ್ ಜೊತೆಗಿನ ಕೊನೆಯ ಪುಸ್ತಕದಲ್ಲಿ, ಗೋಜಲು ಭಾವನೆಗಳನ್ನು ಅಚ್ಚುಕಟ್ಟಾಗಿ ಕಟ್ಟಿಡಲೆಂದು ಈ ಹಂತಗಳನ್ನು ಹೇಳಿದ್ದಲ್ಲ ಎಂಬ ಸಮಜಾಯಿಷಿ ಬಂತು. ತಡವಾಗಿ ಬಂತು.

ಜಗಲಿಯಲ್ಲಿದ್ದ ಪುಸ್ತಕಕ್ಕೂ ಮೆಟ್ಟಿಲುಗಳಿವೆ. ಗರುಡಪುರಾಣದ ಪ್ರಕಾರ ಹತ್ತು ದಿನದ ಪಿಂಡಗಳಿಂದ ಪ್ರೇತಕ್ಕೆ ಒಂದು ಶರೀರ ಕೂಡಿಕೊಳ್ಳುತ್ತದೆ. ಮೊದಲ ದಿನ ತಲೆ, ಎರಡನೆಯ ದಿನ ಕುತ್ತಿಗೆ ಹೆಗಲು, ಮೂರನೆಯ ದಿನ ಹೃದಯ, ಹೀಗೆ ಇಳಿಯುತ್ತ ಒಂಬತ್ತನೆಯ ದಿನ ಪಾದ. ಹತ್ತನೆಯ ದಿನ ಹಸಿವು, ಬಾಯಾರಿಕೆ. ಈ ಕಡೆಯದನ್ನು ಕೇಳಿದಾಗ ಮೈ ಜುಮ್ಮೆಂದಿತು. ಶರೀರ ಪೂರ್ತಿಯಾಯಿತು ಎನ್ನುವುದಕ್ಕೆ ಗುರುತು ಹಸಿವು! ಕೊನೆಯ ಎಂಟು ದಿನ ಅಪ್ಪ ಒಂದು ತುತ್ತು ಗಂಜಿಗೂ ಬಾಯಿ ತೆರೆದಿರಲಿಲ್ಲ. ದರ್ಭೆಯ ಉಂಗುರ ತೊಟ್ಟು ಅನ್ನದ ಉಂಡೆ ಕಟ್ಟುವಾಗ, ಅವನಿಗೆ ಹಸಿವನ್ನು ವಾಪಸು ಕೊಡುತ್ತಿದ್ದೇನೆ ಅನ್ನಿಸಿತು. ಇದನ್ನು ನಾನು ನಂಬುತ್ತೇನೆಯೇ? ಇಲ್ಲ. ಆದರೆ ನೀನು ಯಾವ ಸ್ಟೇಜಿನಲ್ಲಿದ್ದೀಯ ಎಂದು ಆ ಪುಸ್ತಕ ನನ್ನನ್ನು ಕೇಳಲಿಲ್ಲ. ಬೆಳಿಗ್ಗೆ ಎದ್ದು ಹೊಳೆಗೆ ಹೋಗು, ಉಂಡೆ ಕಟ್ಟು, ಕಾಗೆ ಬರುವವರೆಗೆ ಕಾಯಿ ಎಂದಿತು. ಕೈಗೆ ಕೆಲಸ ಕೊಟ್ಟಿತು.

ಅಷ್ಟಕ್ಕೆ ಅದನ್ನು ಒಳ್ಳೆಯ ಪುಸ್ತಕ ಎನ್ನಲಾರೆ. ಅದರ ಬಹುಪಾಲು ಹೆದರಿಕೆ. ಯಮದೂತರು, ಕೀವು ನೆತ್ತರಿನ ವೈತರಣಿ, ಅದನ್ನು ದಾಟಲು ಗೋದಾನ, ಹಾಸಿಗೆ ದಾನ, ಕೊಡೆ ದಾನ, ಚಪ್ಪಲಿ ದಾನ. ದಾನ ಕೊಡಲಾಗದವನ ತಂದೆ ದಡದಲ್ಲೇ ನಿಲ್ಲಬೇಕು ಎನ್ನುವ ಪುಸ್ತಕ ದುಃಖದಲ್ಲಿರುವ ಬಡವನಿಗೆ ಏನು ಸಮಾಧಾನ ಹೇಳೀತು? ವಿಧವೆಯನ್ನು ಅದು ನೋಡುವ ರೀತಿಯನ್ನಂತೂ ಅಮ್ಮನ ಮುಂದೆ ಓದಿಸಬಾರದಿತ್ತು. ಭಟ್ಟರು ಆ ಭಾಗ ಬಂದಾಗ ದನಿ ತಗ್ಗಿಸಿ ಬೇಗ ಓದಿದರು. ಅವರಿಗೂ ಗೊತ್ತಿತ್ತು. ಈ ಪುಸ್ತಕವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ಸೂತಕವಿಲ್ಲದಾಗ ಓದಬಾರದು ಎಂಬ ನಂಬಿಕೆ ನಮ್ಮ ಕಡೆ ಇದೆ. ಸಾವನ್ನು ವಿವರಿಸುವ ಪುಸ್ತಕ ಸಾವು ಆದಮೇಲೆ ಬರುತ್ತದೆ, ಹದಿಮೂರು ದಿನ ಇದ್ದು ಹೋಗುತ್ತದೆ. ಹೋಗುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಹೋಗುವವನ ಕಡೆಗೆ ತಿರುಗಿ ಕೂತ ಪುಸ್ತಕವೆಂದರೆ ಶಸ್ತ್ರವೈದ್ಯ ಅತುಲ್ ಗವಾಂದೆ ಅವರ 'ಬೀಯಿಂಗ್ ಮಾರ್ಟಲ್' (2014). ಅಮೆರಿಕದ ವೃದ್ಧಾಶ್ರಮಗಳ ಬಗ್ಗೆ ಅದರಲ್ಲಿರುವ ಅಧ್ಯಾಯಗಳನ್ನು ನಮ್ಮ ಓದುಗರು ಬೇಗ ದಾಟಬಹುದು. ಬಿಡಬಾರದ್ದು ಐಸ್‌ಕ್ರೀಮಿನ ಪ್ರಸಂಗ. ಸೂಸನ್ ಬ್ಲಾಕ್ ಎಂಬ ವೈದ್ಯೆಗೆ ಸಾಯುವವರ ಜೊತೆ ಮಾತಾಡುವುದೇ ವೃತ್ತಿ. ಅವರ ತಂದೆ ಜ್ಯಾಕ್ ಬ್ಲಾಕ್, ಮನಶ್ಶಾಸ್ತ್ರದ ಪ್ರೊಫೆಸರು. ಕತ್ತಿನ ಬಳಿ ಬೆನ್ನುಹುರಿಯಲ್ಲಿ ಗಡ್ಡೆ. ಆಪರೇಷನ್ ಮಾಡಿದರೆ ಕೈಕಾಲು ಬಿದ್ದುಹೋಗುವ ಅಪಾಯ. ಹಿಂದಿನ ರಾತ್ರಿ ಕಾರು ಓಡಿಸಿಕೊಂಡು ಹೊರಟ ಮಗಳಿಗೆ, ಅಪ್ಪನಿಗೆ ನಿಜಕ್ಕೂ ಏನು ಬೇಕೆಂದು ತನಗೇ ಗೊತ್ತಿಲ್ಲವಲ್ಲ ಎಂದು ಹೊಳೆಯಿತು. ವಾಪಸು ಹೋಗಿ ಕೇಳಿದರು. ಚಾಕೊಲೇಟ್ ಐಸ್‌ಕ್ರೀಮ್ ತಿನ್ನಲು, ಟಿವಿಯಲ್ಲಿ ಫುಟ್‌ಬಾಲ್ ನೋಡಲು ಆಗುವುದಾದರೆ ಬದುಕಲು ತಯಾರು ಎಂದ ಅಪ್ಪ. ಆಪರೇಷನ್ ನಂತರ ರಕ್ತಸ್ರಾವವಾಗಿ, ಮತ್ತೆ ಕೊಯ್ಯಬೇಕೋ ಬೇಡವೋ ಎಂದು ತಕ್ಷಣ ಹೇಳಬೇಕಾಗಿ ಬಂದಾಗ ಮಗಳು ಡಾಕ್ಟರುಗಳನ್ನು ಕೇಳಿದ್ದು ಒಂದೇ: ಐಸ್‌ಕ್ರೀಮ್ ತಿಂದು ಫುಟ್‌ಬಾಲ್ ನೋಡಬಲ್ಲರೇ? ಹೌದು ಎಂದರು. ಕೊಯ್ಯಿರಿ ಎಂದಳು. ಆತ ಇನ್ನೂ ಹತ್ತು ವರ್ಷ ಬದುಕಿದ.

ಸಾವಿನ ಬಗ್ಗೆ ಯಾವ ತತ್ವಜ್ಞಾನಿಯೂ ಬರೆಯದ ವಾಕ್ಯ ಈ ಐಸ್‌ಕ್ರೀಮಿನದು. ನಮ್ಮಲ್ಲಿಯೂ ಕಾಗದಪತ್ರಕ್ಕೆ ಕೊರತೆಯಿಲ್ಲ. ಚಿಕಿತ್ಸೆ ಎಲ್ಲಿಗೆ ನಿಲ್ಲಿಸಬೇಕೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಕ್ರಮ ಸರಳ ಮಾಡಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಸುತ್ತೋಲೆಯನ್ನೂ ಹೊರಡಿಸಿತು. ಆದರೆ ಬರೆದಿಡಬೇಕಾದರೆ ಮೊದಲು ಯಾರಾದರೂ ಕೇಳಬೇಕು. ಕೇಳುವುದು ಅಪಶಕುನ. "ಬಿಡ್ತು ಅನ್ನು" ಎನ್ನುತ್ತೇವೆ. ಗವಾಂದೆಗೂ ಸುಲಭವಾಗಿರಲಿಲ್ಲ. ಅವರ ತಂದೆಗೂ ಬೆನ್ನುಹುರಿಯ ಗಡ್ಡೆ. ಅಪ್ಪ, ಅಮ್ಮ, ಮಗ ಮೂವರೂ ಡಾಕ್ಟರುಗಳಾಗಿದ್ದೂ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವುದನ್ನು ಅವರು ಪ್ರಾಮಾಣಿಕವಾಗಿ ಬರೆಯುತ್ತಾರೆ. ಕೊನೆಗೆ ವಾರಾಣಸಿಗೆ ಬಂದು ಅಪ್ಪನ ಬೂದಿ ಬಿಟ್ಟು, ಪೂರ್ವಸಿದ್ಧತೆಯಾಗಿ ಆಂಟಿಬಯಾಟಿಕ್ ನುಂಗಿಕೊಂಡೇ ಮೂರು ಚಮಚ ಗಂಗೆ ಕುಡಿಯುತ್ತಾರೆ. ಆದರೂ ಹೊಟ್ಟೆ ಕೆಡುತ್ತದೆ. ಬ್ಯಾಕ್ಟೀರಿಯಾ ನೆನಪಿಟ್ಟುಕೊಂಡವರು ಪರೋಪಜೀವಿಗಳನ್ನು ಮರೆತಿದ್ದರು. ನನಗೆ ಈ ಲೇಖಕ ಇಷ್ಟವಾದದ್ದು ಅಲ್ಲಿ.

ಉಳಿದವರಿಗೆಂದು ಬರೆದ ಪುಸ್ತಕಗಳಲ್ಲಿ ಜೋನ್ ಡಿಡಿಯನ್ನರ 'ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್' (2005) ಬಗ್ಗೆ ಬಹಳ ಮಂದಿ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ರಾತ್ರಿ ಊಟಕ್ಕೆ ಕೂತ ಗಂಡ ಕೂತಲ್ಲೇ ಹೋದ. ಬಟ್ಟೆಗಳನ್ನು ಕೊಟ್ಟುಬಿಡಲು ಹೊರಟವಳಿಗೆ ಬೂಟು ಕೊಡಲು ಕೈ ಬರಲಿಲ್ಲ. ವಾಪಸು ಬಂದರೆ ಬೇಕಾಗುತ್ತದಲ್ಲ! ಹಂಬಲ ಅಂದೆನಲ್ಲ, ಅದಕ್ಕೆ ಈ ಬೂಟಿಗಿಂತ ಒಳ್ಳೆಯ ವ್ಯಾಖ್ಯಾನ ಗೊತ್ತಿಲ್ಲ. ಪುಸ್ತಕದ ಉಳಿದ ಭಾಗದ ಹೋಟೆಲು, ಗೆಳೆಯರ ಹೆಸರುಗಳ ಮೆರವಣಿಗೆ ನನಗೆ ಸೇರಲಿಲ್ಲ.

ಕನ್ನಡದಲ್ಲಿ ಈ ಸಾಲಿಗೆ ಇಡಬಹುದಾದ ಪುಸ್ತಕ ಯಾವುದು ಎಂದರೆ ಬಹಳ ಜನ ಅನಂತಮೂರ್ತಿಯವರ 'ಸಂಸ್ಕಾರ' ಎನ್ನುತ್ತಾರೆ. ನಾರಣಪ್ಪನ ಹೆಣ ಅಗ್ರಹಾರವನ್ನೇ ಅಲುಗಾಡಿಸುತ್ತದೆ ನಿಜ, ಆದರೆ ಅಲ್ಲಿ ಅವನಿಗಾಗಿ ಅಳುವವಳು ಚಂದ್ರಿ ಒಬ್ಬಳು, ಅನಂತಮೂರ್ತಿಯವರ ಗಮನ ಅವಳ ಅಳುವಿನ ಮೇಲಿಲ್ಲ. ನಾನು ತೆಗೆಯುವುದು ಶಿವರಾಮ ಕಾರಂತರ 'ಅಳಿದ ಮೇಲೆ' (1960). ರೈಲಿನಲ್ಲಿ ಪರಿಚಯವಾದ ಯಶವಂತರಾಯ ಮುಂಬಯಿಯಲ್ಲಿ ತೀರಿಕೊಳ್ಳುತ್ತಾನೆ. ಒಂದಿಷ್ಟು ಹಣ, ಕಾಗದಪತ್ರ ಲೇಖಕ ಗೆಳೆಯನ ಪಾಲಿಗೆ ಬರುತ್ತವೆ; ಯಾರಿಗೆ ಏನು ಸಲ್ಲಬೇಕೋ ಸಲ್ಲಿಸುವ ಹೊಣೆಯೂ ಬರುತ್ತದೆ. ನಿರೂಪಕ ಅವನ ಊರು, ಅವನ ಮುದಿ ಸಾಕುತಾಯಿ, ಬಂಧುಗಳು ಎಂದು ಹುಡುಕಿಕೊಂಡು ಅಲೆಯುತ್ತಾನೆ. ಪಡೆದದ್ದನ್ನು ತೀರಿಸದೆ ಸಾಯಬಾರದು, ಜಗತ್ತಿಗೆ ಸಾಲಗಾರನಾಗಿ ಹೋಗಬಾರದು ಎಂಬ ಹಟ ಆ ಸತ್ತ ಮನುಷ್ಯನದು. ದುಃಖ ಎಂಬ ಶಬ್ದ ಅಷ್ಟಾಗಿ ಬಾರದ ಕಾದಂಬರಿ ಇದು. ಬಸ್ಸು ಹತ್ತಿ, ಗುಡ್ಡ ಹತ್ತಿ, ಅವನನ್ನು ಬಲ್ಲವರ ಎದುರು ಕೂತು ಕೇಳುವುದೇ ಇಲ್ಲಿ ದುಃಖಿಸುವ ಕ್ರಮ. ಸತ್ತವನು ಸತ್ತಮೇಲೆ ಬೆಳೆಯುತ್ತ ಹೋಗುತ್ತಾನೆ. ನಿರೂಪಕನ ಪ್ರವಚನ ಅಲ್ಲಲ್ಲಿ ಉದ್ದವಾಯಿತು, ಜಮಾಖರ್ಚು ಕೆಲವು ಕಡೆ ತೀರಾ ಸರಿಹೊಂದಿತು ಎನ್ನುವ ತಕರಾರು ನನಗಿದೆ. ಮನುಷ್ಯರ ಲೆಕ್ಕ ಅಷ್ಟು ಸುಲಭಕ್ಕೆ ತಾಳೆಯಾಗುವುದಿಲ್ಲ. ಆದರೂ ಹದಿಮೂರರ ಊಟ ಮುಗಿದು ನೆಂಟರೆಲ್ಲ ಹೋದಮೇಲೆ ನಾನು ಮತ್ತೆ ಕೈಗೆತ್ತಿಕೊಂಡ ಪುಸ್ತಕ ಇದೊಂದೇ. ಓದಿ ಮುಗಿಸಿದ ಮರುದಿನ ಅಪ್ಪನ ಅಂಗಿಯ ಜೇಬಿನಲ್ಲಿದ್ದ ಚಿಕ್ಕ ಲೆಕ್ಕದ ಪುಸ್ತಕ ತೆಗೆದೆ.

ಹಾಲು, ಪೇಪರು ಎಲ್ಲಕ್ಕೂ ಟಿಕ್ಕು ಬಿದ್ದಿತ್ತು. ಟಿಕ್ಕಿಲ್ಲದ್ದು ಒಂದೇ: ಟೈಲರ್ 180.

ಪೇಟೆಗೆ ಹೋದೆ. ಟೈಲರು ಮಿಷನ್ನಿನಿಂದ ಕಾಲು ತೆಗೆದು ಎದ್ದು ನಿಂತ. "ಪ್ಯಾಂಟಿನ ಸೊಂಟ ಹಿಡಿಸಿದ್ದು ಮಾರಾಯ್ರೆ. ಎರಡು ಸಲ ಬಂದಿದ್ರು ಮೇಷ್ಟ್ರು. ಎರಡನೇ ಸಲ ಬಂದಾಗ, ಇನ್ನೊಂದಿಂಚು ಜಾಸ್ತಿನೇ ಹಿಡಿಯೋ, ಮೂರನೇ ಸಲ ಬರಕ್ಕಾಗಲ್ಲ ನಂಗೆ ಅಂದ್ರು. ನಾನು ಮಿಷನ್ ನಿಲ್ಸಿ, ಕೂತ್ಕೊಳ್ಳಿ ಸಾರ್ ಅಂದೆ."

"ಕೂತಿದ್ರಾ?"

"ಒಂದು ಗಂಟೆ. ಎಲ್ಲಾ ಹೇಳಿದ್ರು. ಮಕ್ಕಳಿಗೆ ಗೊತ್ತಿಲ್ಲ, ಹೆದರ್ಕೋತಾರೆ, ನೀನೇನೂ ಹೇಳ್ಬೇಡ ಅಂದಿದ್ರು."

ಇನ್ನೂರು ಕೊಟ್ಟೆ. ಅವನು ಡ್ರಾಯರು ತಡಕಿ ಇಪ್ಪತ್ತು ರೂಪಾಯಿ ವಾಪಸು ಕೊಟ್ಟ.