ಮುದ್ದಣನ ಮನೋರಮೆಯೂ ನಮ್ಮ ಪುಸ್ತಕಗೋಷ್ಠಿಯೂ

ಪುಸ್ತಕಪ್ರಿಯರು ಒಂದೆಡೆ ಕಲೆತಾಗ ಕುಶಲಪ್ರಶ್ನೆಯ ಬೆನ್ನಹಿಂದೆಯೇ ಹೊರಡುವ ಪ್ರಶ್ನೆಯೊಂದುಂಟು: “ಈಗ ತಾವು ಏನನ್ನು ಓದುತ್ತಿರುವಿರಿ?” ಕೇಳುವುದು ಸುಲಭ, ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಓದಿ ಮುಗಿಸಿದ ಗ್ರಂಥದ ವಿಷಯದಲ್ಲಿ ನಮ್ಮ ಮನಸ್ಸು ಒಂದು ನಿರ್ಣಯಕ್ಕೆ ಬಂದಿರುವುದು. ಅದನ್ನು ನಾಲ್ಕು ಜನರ ಮುಂದೆ ಗಾಂಭೀರ್ಯದಿಂದ ಹೇಳಬಹುದು. ಓದುತ್ತಿರುವ ಗ್ರಂಥದ ವಿಷಯದಲ್ಲಾದರೋ ನಿರ್ಣಯವಿನ್ನೂ ಹುಟ್ಟಿರುವುದಿಲ್ಲ. ಸಂದೇಹ, ಕುತೂಹಲ, ಒಮ್ಮೊಮ್ಮೆ ಬೇಸರ, ಇಷ್ಟೇ ಕೈಯಲ್ಲಿರುವುವು. ಇವನ್ನು ಪರರ ಮುಂದೆ ಬಿಚ್ಚಿಡಲು ಪಂಡಿತನೆನಿಸಿಕೊಂಡವನು ಸಂಕೋಚಪಡುವನು. ಆದರೆ ವಿಮರ್ಶೆಯ ಮೊದಲ ಮೊಳಕೆಯೊಡೆಯುವುದು ಈ ಸ್ಥಿತಿಯಲ್ಲಿಯೇ ಎಂಬುದು ನನಗೆ ಇತ್ತೀಚೆಗೆ, ಅದೂ ತುಸು ತಲೆತಗ್ಗಿಸಿದ ಮೇಲೆ, ಗೊತ್ತಾಯಿತು.

ನಡೆದ ಸಂಗತಿಯನ್ನು ಮರೆಮಾಚದೆ ಹೇಳಿಬಿಡುವೆನು. ನಮ್ಮ ಸಂಘದ ತಿಂಗಳ ಗೋಷ್ಠಿಯಲ್ಲಿ ಪ್ರತಿಯೊಬ್ಬರೂ ತಾವು ಓದುತ್ತಿರುವ ಪುಸ್ತಕದ ಹೆಸರನ್ನು ಹೇಳಿ ನಾಲ್ಕು ಮಾತನಾಡುವ ಪದ್ಧತಿಯಿರುವುದು. ನನ್ನ ಸರದಿ ಬಂದಾಗ ಮುದ್ದಣನ ‘ಶ್ರೀರಾಮಾಶ್ವಮೇಧ’ವೆಂದು ಹೇಳಿ, ಮುದ್ದಣ ಮನೋರಮೆಯರ ಸಲ್ಲಾಪವನ್ನು ಬಾಯಿಪಾಠದಿಂದಲೇ ವರ್ಣಿಸಿದೆನು. ಆಗ ತರುಣಿಯೊಬ್ಬಳು ಎದ್ದು, “ಮೇಷ್ಟ್ರೇ, ಕಥೆ ಶುರುವಾದ ಮೇಲೆ ಮನೋರಮೆ ಸುಮ್ಮನಾದಳೆ, ಇಲ್ಲವೆ ಮತ್ತೆಯೂ ತಡೆದಳೆ?” ಎಂದು ವಿನಯದಿಂದ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ನಾನು ತರಗತಿಯಲ್ಲಿ ಪಾಠ ಹೇಳಿದ್ದು ಆಯ್ದ ಭಾಗವನ್ನು. ಅದು ಕಥೆ ಮೊದಲಾಗುವಲ್ಲಿಗೆ ಮುಗಿಯುತ್ತಿದ್ದಿತು. ಪಾಠ ಹೇಳಿದ್ದನ್ನೇ ಓದಿದ್ದೆಂದು ಭ್ರಮಿಸಿದ್ದೆನು. ಅಂದು ಮನೆಗೆ ಬಂದು ಗ್ರಂಥವನ್ನು ಮೊದಲ ಪುಟದಿಂದ ತೆರೆದೆನು. ಈ ಲೇಖನವು ಆ ಪ್ರಶ್ನೆಗೆ ನಾನು ತೀರಿಸಬೇಕಾದ ಸಾಲ.

ಕವಿಯ ವೃತ್ತಾಂತವನ್ನು ಸಂಕ್ಷೇಪವಾಗಿ ಸ್ಮರಿಸಿಕೊಳ್ಳೋಣ. ಮುದ್ದಣನೆಂಬುದು ನಂದಳಿಕೆಯ ಲಕ್ಷ್ಮೀನಾರಣಪ್ಪನವರ ಕಾವ್ಯನಾಮ. ಅವರು 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದು, 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತೊಂದು ವರ್ಷ ಮಾತ್ರ. ‘ಅದ್ಭುತರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಇವು ಅವರ ಮುಖ್ಯ ಕೃತಿಗಳು. ಯಕ್ಷಗಾನ ಪ್ರಸಂಗಗಳನ್ನೂ ಬರೆದಿರುವರು. ವಿಚಿತ್ರವೇನೆಂದರೆ, ಅವರು ತಮ್ಮ ಕೃತಿಗಳನ್ನು ತಮ್ಮವೆಂದು ಹೇಳಿಕೊಳ್ಳದೆ, ಹಳೆಯ ಕವಿಯೊಬ್ಬನ ಗ್ರಂಥಗಳೆಂಬಂತೆ ಮೈಸೂರಿಗೆ ಕಳುಹಿಸಿದರು. ಅವು ಪ್ರಾಚೀನ ಕಾವ್ಯಗಳ ಸಾಲಿನಲ್ಲಿಯೇ ಅಚ್ಚಾದುವು. ಕರ್ತೃವು ಯಾರೆಂಬುದು ಕನ್ನಡಿಗರಿಗೆ ಸ್ಪಷ್ಟವಾಗಿ ತಿಳಿದುದು ಅವರು ಗತಿಸಿ ಬಹುಕಾಲವಾದ ಮೇಲೆ. ಬರೆಯುತ್ತಿರುವಾಗ ಆ ಕವಿಯು ತಾನು ಬರೆಯುತ್ತಿರುವುದನ್ನು ಬಹಿರಂಗವಾಗಿ ಯಾರೊಡನೆ ಹಂಚಿಕೊಳ್ಳಬಹುದಾಗಿದ್ದಿತು? ಹೀಗೆ ಯೋಚಿಸಿದಾಗ ಮನೋರಮೆಯ ಸೃಷ್ಟಿಗೆ ಬೇರೊಂದು ಅರ್ಥ ಬರುವುದು. ಕವಿಯ ಪತ್ನಿಯ ಹೆಸರು ಕಮಲಾಬಾಯಿ. ಮನೋರಮೆಯೆಂಬುದು ಕಾವ್ಯದ ಹೆಸರು. ತನಗಿಲ್ಲದ ಗೋಷ್ಠಿಯನ್ನು ಕವಿಯು ಗ್ರಂಥದ ಒಳಗೇ ಕೂಡಿಸಿಕೊಂಡನೆಂದು ನನಗೆ ತೋರುವುದು.

ಆ ಗೋಷ್ಠಿಯ ಸ್ವರೂಪವನ್ನು ನೋಡಿರಿ. ಮಳೆಗಾಲ, ಹೊತ್ತು ಹೋಗದು, ಹೆಂಡತಿಯು ಕಥೆ ಹೇಳೆಂದು ಕೇಳುವಳು. ಆದರೆ ಹೇಳಿದ್ದನ್ನೆಲ್ಲ ತಲೆದೂಗಿ ಕೇಳುವವಳಲ್ಲ. ಯಾವ ಕಥೆಯೆಂಬುದನ್ನು ತಾನೇ ಆರಿಸುವಳು. ಪದ್ಯವೋ ಗದ್ಯವೋ ಎಂಬಲ್ಲಿ ಪದ್ಯವನ್ನು ತಳ್ಳಿಹಾಕಿ ಗದ್ಯವೇ ಬೇಕೆನ್ನುವಳು. ಪತಿಯು ಶಾಸನಗಳ ಮೊದಲಿನಲ್ಲಿರುವಂಥ ಉದ್ದುದ್ದ ಸಂಸ್ಕೃತ ಸಮಾಸಗಳಿಂದ ಆರಂಭಿಸಿದೊಡನೆ, ತನಗೆ ಇದು ತಿಳಿಯದೆಂದು ತಡೆದು ನಿಲ್ಲಿಸುವಳು. ಕೊನೆಗೆ ಕನ್ನಡವನ್ನೂ ಸಂಸ್ಕೃತವನ್ನೂ ಹದವರಿತು ಹೊಂದಿಸಿ ಹೇಳುವೆನೆಂದು ಅವನು ಒಪ್ಪಬೇಕಾಗುವುದು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನನಗೆ ಈ ಭಾಗವು ಬಹುಕಾಲ ಬರಿಯ ವಿನೋದವೆಂದೇ ಕಂಡಿದ್ದಿತು. ಈಗ ನೋಡಿದರೆ ವಿನೋದದೊಳಗೆ ಗಂಭೀರವಾದ ಕಾರ್ಯವೊಂದು ನಡೆದಿದೆ. ಇದೇ ಕವಿಯು ‘ಶ್ರೀರಾಮಪಟ್ಟಾಭಿಷೇಕ’ವನ್ನು ಷಟ್ಪದಿಯಲ್ಲಿ ರಚಿಸಿದ್ದವನು. ಪದ್ಯವನ್ನು ಬೇಡವೆನ್ನುವ ಮನೋರಮೆಯ ಬಾಯಿಂದ ಅವನು ತನ್ನ ಹಿಂದಿನ ಕೃತಿಯನ್ನೇ ಪ್ರಶ್ನಿಸಿಕೊಂಡಂತಾಯಿತು. ಕೇಳುವವಳ ಆಕ್ಷೇಪವೇ ಕೃತಿಯ ಶೈಲಿಯನ್ನು ನಿರ್ಣಯಿಸಿತು.

ಇದನ್ನು ನಮ್ಮ ಪುರಾಣಗಳ ಶ್ರೋತೃಗಳೊಡನೆ ಹೋಲಿಸಿದರೆ ಮನೋರಮೆಯ ವೈಶಿಷ್ಟ್ಯವು ತಿಳಿಯುವುದು. ರಾಮಾಶ್ವಮೇಧದ ಕಥೆಯು ಪದ್ಮಪುರಾಣದ ಪಾತಾಳಖಂಡದಲ್ಲಿರುವುದು. ಅಲ್ಲಿ ಅದನ್ನು ಹೇಳುವವನು ಆದಿಶೇಷ, ಕೇಳುವವನು ವಾತ್ಸ್ಯಾಯನ ಮುನಿ. ಜೈಮಿನಿ ಭಾರತದಲ್ಲಿ ಜನಮೇಜಯನು ಕೇಳುವನು, ಜೈಮಿನಿಯು ಹೇಳುವನು. ಈ ಶ್ರೋತೃಗಳು ಭಕ್ತಿಯಿಂದ ಪ್ರಶ್ನಿಸುವರು. ಅವರ ಪ್ರಶ್ನೆಯು, ಮುಂದೇನಾಯಿತು, ಏತಕ್ಕಾಯಿತು ಎಂದು ಕಥೆಯನ್ನು ಮುಂದಕ್ಕೆ ನೂಕುವುದು. ಮನೋರಮೆಯಾದರೋ ಕಥೆಯನ್ನಲ್ಲದೆ ಕಥನವನ್ನೂ ಪ್ರಶ್ನಿಸುವಳು. ಏನು ಹೇಳಿದೆ ಎಂಬುದರೊಡನೆ ಹೇಗೆ ಹೇಳಿದೆ ಎಂದೂ ಕೇಳುವ ಶ್ರೋತೃವು ನಮ್ಮ ಕಾವ್ಯಗಳಲ್ಲಿ ವಿರಳ. ಹಳೆಯ ಚೌಕಟ್ಟನ್ನು ಹಾಗೆಯೇ ಉಳಿಸಿಕೊಂಡು, ಅದರಲ್ಲಿ ಹೊಸಗಾಲದ ಓದುಗಳನ್ನು ಕುಳ್ಳಿರಿಸಿದುದು ಮುದ್ದಣನ ಪ್ರತಿಭೆ.

ಓದುಗನಿಗೂ ಪ್ರತಿಭೆ ಬೇಕೆಂಬುದು ನಮ್ಮ ಆಲಂಕಾರಿಕರಿಗೆ ಹೊಸದಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಯದನ್ನು ಕಾರಯಿತ್ರೀ ಎಂದೂ ಭಾವಕನದನ್ನು ಭಾವಯಿತ್ರೀ ಎಂದೂ ವಿಭಾಗಿಸಿ, ಭಾವಕರಲ್ಲಿ ನಾಲ್ಕು ಬಗೆಯನ್ನು ಎಣಿಸಿರುವನು. ಯಾವುದೂ ರುಚಿಸದ ಅರೋಚಕಿ. ಹುಲ್ಲನ್ನೂ ಕಾಳನ್ನೂ ಒಟ್ಟಿಗೆ ನುಂಗುವ ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಬಾಯಿಬಿಡದ ಮತ್ಸರಿ. ಸಾರವನ್ನೇ ಹುಡುಕುವ ತತ್ತ್ವಾಭಿನಿವೇಶಿ. ಈ ಕಡೆಯವನು ಸಾವಿರದಲ್ಲೊಬ್ಬನೆಂದು ಅವನ ಅಭಿಪ್ರಾಯ. ಯಾವ ಪುಸ್ತಕಗೋಷ್ಠಿಯಲ್ಲಿ ಕಣ್ಣಾಡಿಸಿದರೂ ಈ ನಾಲ್ವರಲ್ಲಿ ಮೂವರಂತೂ ಸಿಕ್ಕುವರು. ಮನೋರಮೆಯು ಮೇಲುನೋಟಕ್ಕೆ ಅರೋಚಕಿಯಂತೆ ತೋರುವಳು, ಎಲ್ಲಕ್ಕೂ ಬೇಡವೆನ್ನುವಳಲ್ಲವೆ? ಆದರೆ ರಾಜಶೇಖರನು ಅರುಚಿಯಲ್ಲಿಯೂ ಭೇದ ಮಾಡಿರುವನು. ಹುಟ್ಟಿನಿಂದ ಬಂದ ಅರುಚಿಯು ಯಾವ ಸಂಸ್ಕಾರದಿಂದಲೂ ಹೋಗದು. ಅರಿವಿನಿಂದ ಹುಟ್ಟಿದ ಅರುಚಿಯಾದರೋ ವಿಶೇಷವಾದುದು ಎದುರಾದೊಡನೆ ರುಚಿಯಾಗಿ ಮಾರ್ಪಡುವುದು. ಮನೋರಮೆಯದು ಈ ಎರಡನೆಯ ಜಾತಿ. ಬೇಡವೆಂದಮೇಲೆ ಆಕೆ ಎದ್ದು ಹೋಗುವುದಿಲ್ಲ; ಬೇಕಾದುದನ್ನು ಹೇಳಿಸಿಕೊಂಡು ಕುಳಿತು ಕೇಳುವಳು. ಗೋಷ್ಠಿಗೆ ಬೇಕಾದ ಅರುಚಿಯು ಇಂಥದು.

ಇನ್ನು ಆ ತರುಣಿಯ ಪ್ರಶ್ನೆಗೆ ಬರುವೆನು. ಮನೋರಮೆ ಸುಮ್ಮನಾಗುವುದಿಲ್ಲ, ಕಥೆಯ ನಡುನಡುವೆಯೂ ದಂಪತಿಗಳ ಮಾತು ತಲೆದೋರುವುದು. ಅದರ ಅವಶ್ಯಕತೆಯು ತಿಳಿಯಬೇಕಾದರೆ ಗ್ರಂಥವನ್ನು ಪೂರ್ತಿ ಓದಬೇಕು. ಯಾಗದ ಕುದುರೆ ಹೊರಡುವುದು, ಶತ್ರುಘ್ನನೂ ಭರತನ ಮಗನಾದ ಪುಷ್ಕಲನೂ ಸೇನೆಯೊಡನೆ ಹಿಂದೆ ನಡೆಯುವರು, ಕುದುರೆಯನ್ನು ಕಟ್ಟುವವರು ಕಟ್ಟುವರು, ಯುದ್ಧವಾಗುವುದು, ಬಿಡುಗಡೆಯಾಗುವುದು, ಮತ್ತೆ ಮುಂದಿನ ನಾಡು. ಕುಶಲವರ ಪ್ರಸಂಗವು ಬರುವವರೆಗೆ ಓದುಗನು ಕೆಲವೆಡೆ ದಣಿಯುವನೆಂದು ಒಪ್ಪಿಕೊಳ್ಳಲು ನಾನು ನಾಚುವುದಿಲ್ಲ. ಹಳಗನ್ನಡವಾದುದರಿಂದ ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಹೀಗೆ ದಣಿದಿರುವಾಗ ಮನೋರಮೆಯ ದನಿ ಕೇಳಿಬಂದರೆ, ನಮ್ಮ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಓದುತ್ತಿರುವರೆಂಬ ಸಮಾಧಾನವಾಗುವುದು. ಆಯ್ದ ಭಾಗವನ್ನು ಮಾತ್ರ ಓದಿದವನಿಗೆ ಆಕೆ ಚತುರಳಾದ ಗೃಹಿಣಿ. ಪೂರ್ತಿ ಓದಿದವನಿಗೆ ಸಹವಾಚಕಿ. ಕಥೆಯನ್ನು ಬಿಟ್ಟು ಸಲ್ಲಾಪವನ್ನಷ್ಟೇ ಮೆಚ್ಚುವ ನಮ್ಮ ರೂಢಿಯಿಂದ, ಕಥೆ ಕೇಳಬಂದವಳಿಗೆ ಕಥೆಯೇ ಇಲ್ಲದಂತಾಗಿದೆ. ಈ ತಪ್ಪಿನಲ್ಲಿ ನನ್ನಂಥ ಉಪಾಧ್ಯಾಯರ ಪಾಲು ಸಣ್ಣದಲ್ಲ.

ಇಷ್ಟೆಲ್ಲ ಹೇಳಿದಮೇಲೆ ದೋಷವನ್ನೂ ಹೇಳದಿದ್ದರೆ ನಾನೇ ಸತೃಣಾಭ್ಯವಹಾರಿಯಾದೇನು. ಮನೋರಮೆಯ ಮಾತೂ ಕವಿಯ ಲೇಖನಿಯಿಂದಲೇ ಹೊರಟುದು. ಅವಳ ಆಕ್ಷೇಪಗಳಿಗೆ ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡು ಅವನು ಆಕ್ಷೇಪಿಸಿಕೊಳ್ಳುವನು. ಕೆಲವೆಡೆ ಅವಳ ತಿಳಿಯದಿರುವಿಕೆಯನ್ನು ನಗೆಗೆ ಬಳಸಿ, ಗಂಡನ ಪಾಂಡಿತ್ಯವನ್ನು ಮೆರೆಸಿರುವನು. ಕವಿಯು ಊಹಿಸಿರದ ಪ್ರಶ್ನೆಯನ್ನು ಮನೋರಮೆಯು ಕೇಳಲಾರಳು. ಉದಾಹರಣೆಗೆ, ತುಂಬುಗರ್ಭಿಣಿಯಾದ ಸೀತೆಯನ್ನು ಕಾಡಿಗಟ್ಟಿದ ರಾಮನ ಯಾಗದ ಕಥೆಯನ್ನು ಹೆಂಡತಿಯೊಬ್ಬಳು ಗಂಡನ ಬಾಯಿಂದ ಕೇಳುತ್ತಿರುವಾಗ, ಅವಳು ಎಷ್ಟು ಕೇಳಬಹುದಾಗಿದ್ದಿತು! ನಮ್ಮ ಗೋಷ್ಠಿಯಲ್ಲಿ ಈ ಮಾತನ್ನೆತ್ತಿದರೆ ನಾಲ್ವರು ನಾಲ್ಕು ಬಗೆಯಾಗಿ ವಾದಿಸುವರು. ಆ ವಾದವನ್ನು ಯಾವ ಕವಿಯೂ ಒಬ್ಬನೇ ಕುಳಿತು ಬರೆಯಲಾರನು. ಕಲ್ಪಿತ ಸಹವಾಚಕಿಗೂ ಜೀವಂತ ಸಹವಾಚಕರಿಗೂ ಇರುವ ಅಂತರ ಇದೇ. ಹೆಸರನ್ನು ಮರೆಸಿಕೊಂಡು ಬರೆದ ಆ ಕವಿಗೆ ಈ ಎರಡನೆಯ ಭಾಗ್ಯವು ದೊರೆತಿದ್ದರೆ ಗ್ರಂಥವು ಇನ್ನೂ ಬೇರೆಯಾಗುತ್ತಿದ್ದಿತೋ ಏನೋ.

ಆ ಭಾಗ್ಯವು ನಮಗುಂಟು. ಹಿಂದೆ ನಮ್ಮ ಊರುಗಳಲ್ಲಿ ಒಬ್ಬರು ಕುಮಾರವ್ಯಾಸನ ಭಾರತವನ್ನು ವಾಚಿಸಿ, ಇನ್ನೊಬ್ಬರು ಅರ್ಥ ಹೇಳಿ, ಜಗುಲಿಯ ತುಂಬ ಜನ ಕೇಳುತ್ತಿದ್ದರು. ಅಲ್ಲಿ ಕಾವ್ಯವು ಮುಗಿಯಲು ತಿಂಗಳುಗಳೇ ಹಿಡಿಯುತ್ತಿದ್ದುವು. ಆದುದರಿಂದ ಕೇಳುವವರೆಲ್ಲರೂ ಸದಾ ಕಾವ್ಯದ ನಡುವೆಯೇ ಇರುತ್ತಿದ್ದರು. ಪುಸ್ತಕಗೋಷ್ಠಿಯು ಆ ಜಗುಲಿಯ ಮುಂದುವರಿಕೆಯಾಗಬೇಕಾದರೆ, ಓದಿ ಮುಗಿಸಿದ್ದನ್ನು ಘೋಷಿಸುವ ಸ್ಥಳವಾಗಬಾರದು. ಯಾವ ಪುಟದಲ್ಲಿ ನಿಂತಿರುವೆವು, ಯಾವ ವಾಕ್ಯವು ಅರ್ಥವಾಗಲಿಲ್ಲ, ಎಲ್ಲಿ ಆಕಳಿಕೆ ಬಂದಿತು ಎಂಬುದನ್ನು ನಿಸ್ಸಂಕೋಚವಾಗಿ ಹೇಳುವಂತಿರಬೇಕು. ಕೇಳುವವರು ತಡೆದರೆ ಅದನ್ನು ಅಪಮಾನವೆಂದೆಣಿಸದೆ, ಮತ್ತೆ ಗ್ರಂಥದ ಬಳಿಗೆ ಹೋಗಬೇಕು.

ಹೋದ ತಿಂಗಳ ಗೋಷ್ಠಿಯಲ್ಲಿ ನಾನು ಮೊದಲು ನನ್ನ ತಪ್ಪನ್ನೊಪ್ಪಿ, ಬಳಿಕ ಉತ್ತರವನ್ನು ಹೇಳಿದೆನು. ಆ ತರುಣಿಯು ಈಗ ಗ್ರಂಥವನ್ನು ತಾನೇ ಓದಲು ತೊಡಗಿರುವಳು. ಸೀತೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಆಕೆ ಒಪ್ಪಿಲ್ಲ. ಮುಂದಿನ ಗೋಷ್ಠಿಯಲ್ಲಿ ಆಕೆಯ ಮಾತನ್ನು ಕೇಳಲು ನಾನು ಕಾದಿರುವೆನು. ಓದಿದವರು ದಯವಿಟ್ಟು ಬರಬೇಕು. ಅರ್ಧ ಓದಿದವರು ತಪ್ಪದೆ ಬರಬೇಕು.