ಈ ಸುದ್ದಿಗೆ ಎಷ್ಟು ಹೊತ್ತಾಯಿತು?

ದೇವಣಿ ಎಂದರೆ ಕರ್ನಾಟಕದ ರೈತರಿಗೆ ಮೊದಲು ನೆನಪಾಗುವುದು ದನದ ತಳಿ. ಆ ಹೆಸರು ಕೊಟ್ಟ ಊರು ಇರುವುದು ಗಡಿಯಾಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿ. ಪಕ್ಕದ ಉದಗೀರ, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ತೊಗರಿ, ಸೋಯಾ ಬೆಳೆದವರಿಗೆ ಉದಗೀರದ ಮೊಂಢಾ ಮಾರುಕಟ್ಟೆ ಒಂದು ಕಡೆ, ಬೀದರಿನ ಗಂಜ್ ಇನ್ನೊಂದು ಕಡೆ. ಕೈಯಲ್ಲಿರುವ ಮೊಬೈಲಿಗೆ ಎರಡೂ ಕಡೆಯ ಸುದ್ದಿ ಬರುತ್ತದೆ. ಸುದ್ದಿಗೆ ಬರವಿಲ್ಲ, ಆದರೆ ಬಂದ ಸುದ್ದಿ ಯಾವ ಹೊತ್ತಿನದು ಎಂಬುದನ್ನು ಅದು ತಾನಾಗಿ ಹೇಳುವುದು ಅಪರೂಪ.

ಸರ್ಕಾರಿ ವ್ಯವಸ್ಥೆಗಳು ತಮ್ಮ ಸಾಧನೆಯನ್ನು ಕಳಿಸಿದ ಸಂದೇಶಗಳ ಲೆಕ್ಕದಲ್ಲಿ ಹೇಳಿಕೊಳ್ಳುತ್ತವೆ. ಪಡೆದವನಿಗೆ ಬೇಕಾದ ಲೆಕ್ಕ ಬೇರೆ. 2012ರಲ್ಲಿ ಸಂಜಿತ್ ಕೌಲ್, ರಾಯ್ ಯೇಟ್ಸ್, ಮಾರ್ಕೊ ಗ್ರೂಟೆಸರ್ ಎಂಬ ಸಂಶೋಧಕರು ಇದನ್ನೇ ಗಣಿತವಾಗಿಸಿದರು. ಈಗ ನಮ್ಮ ಬಳಿ ಇರುವ ಅತಿ ಹೊಸ ಸುದ್ದಿ ಹುಟ್ಟಿ ಎಷ್ಟು ಹೊತ್ತಾಯಿತೋ ಅದೇ ಮಾಹಿತಿಯ ವಯಸ್ಸು. ಸುದ್ದಿ ಅಪರೂಪಕ್ಕೊಮ್ಮೆ ಕಳಿಸಿದರೆ ವಯಸ್ಸು ಏರುತ್ತದೆ. ಇದು ಎಲ್ಲರಿಗೂ ಗೊತ್ತು. ಅವರು ತೋರಿಸಿದ್ದು ಇನ್ನೊಂದು ಬದಿಯನ್ನು: ಎಡೆಬಿಡದೆ ಕಳಿಸಿದರೂ ವಯಸ್ಸು ಏರುತ್ತದೆ. ಏಕೆಂದರೆ ಹೊಸ ಸುದ್ದಿ ಹಳೆಯದರ ಹಿಂದೆ ಸರದಿಯಲ್ಲಿ ನಿಂತು ಅಲ್ಲೇ ಹಳತಾಗುತ್ತದೆ. ಮೊದಲು ಬಂದದ್ದು ಮೊದಲು ಹೋಗುವ ಸರಳ ಸರದಿಯಲ್ಲಿ, ಸುದ್ದಿ ಸಾಗಿಸುವ ಮಾರ್ಗ ಸುಮಾರು 53 ಪ್ರತಿಶತ ಹೊತ್ತು ಮಾತ್ರ ಕೆಲಸದಲ್ಲಿದ್ದಾಗ ಸುದ್ದಿ ಅತಿ ತಾಜಾ ಇರುತ್ತದೆ.

ಈ ಅಳತೆಗೋಲು ಹಿಡಿದು ಗಡಿಯ ಮೊಬೈಲನ್ನು ನೋಡಬಹುದು.

ಮಾರುಕಟ್ಟೆ ದರಕ್ಕೆ 2000ದಲ್ಲಿ ಶುರುವಾದ ಕೇಂದ್ರದ ಅಗ್‌ಮಾರ್ಕ್‌ನೆಟ್ ಇದೆ. ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ವಹಿವಾಟು ನಡೆದ ದರಗಳನ್ನು ಅದು ದಿನಾಂಕದೊಂದಿಗೆ ಕೊಡುತ್ತದೆ. ದೇಶದ ಮಾರುಕಟ್ಟೆಗಳನ್ನು ಒಂದೇ ಕಡೆ ನೋಡಲು ಸಿಗುವುದು ಸಣ್ಣ ಸೌಲಭ್ಯವಲ್ಲ. ಆದರೆ ಟೆಂಪೋ ತುಂಬಿಸಿ ಯಾವ ದಾರಿ ಹಿಡಿಯಲಿ ಎಂದು ನೋಡುವವನಿಗೆ ದಿನಾಂಕ ಸಾಲದು, ಗಂಟೆ ಬೇಕು. ಆ ಜಾಗವನ್ನು ವಾಟ್ಸಾಪ್ ತುಂಬಿದೆ. ಅಡತಿ ಅಂಗಡಿಯಿಂದ ಹೊರಟ ದರಪಟ್ಟಿ ಗುಂಪಿನಿಂದ ಗುಂಪಿಗೆ ದಾಟುತ್ತದೆ. ಪ್ರತಿ ಸಲವೂ ಅದರ ಮೇಲೆ ಮುಂದೆ ಕಳಿಸಿದ ಹೊತ್ತು ಕಾಣುತ್ತದೆಯೇ ಹೊರತು ದರ ಕೂಗಿದ ಹೊತ್ತಲ್ಲ. ನಿನ್ನೆಯ ದರ ಇಂದು ಬೆಳಗ್ಗೆ ಬಂದರೆ ಹೊಸದಾಗಿಯೇ ಕಾಣುತ್ತದೆ.

ಹವಾಮಾನ ಇಲಾಖೆ 2019ರಲ್ಲಿ ತಂದ ಮೇಘದೂತ್ ಆ್ಯಪ್ ಪ್ರತಿ ಮಂಗಳವಾರ, ಶುಕ್ರವಾರ ಜಿಲ್ಲಾವಾರು ಕೃಷಿ ಸಲಹೆ ಕೊಡುತ್ತದೆ. ಬಿತ್ತನೆಗೆ, ಔಷಧಿ ಸಿಂಪಡಣೆಗೆ ಆ ಗತಿ ಸಾಕು. ಅಕ್ಟೋಬರಿನಲ್ಲಿ ಸೋಯಾ ಕೊಯ್ದು ಬಯಲಲ್ಲಿ ಬಣವೆ ಹಾಕಿದವನಿಗೆ ಸಾಲದು. ಅಲ್ಲಿ ಬೇಕಾದದ್ದು ಇನ್ನೆರಡು ಗಂಟೆಯಲ್ಲಿ ತಾಡಪತ್ರಿ ಹೊದಿಸಬೇಕೋ ಬೇಡವೋ ಎಂಬ ಉತ್ತರ. ಸಲಹೆ ತಪ್ಪೇನಲ್ಲ, ಆದರೆ ಗುರುವಾರ ಸಂಜೆಯ ಹೊತ್ತಿಗೆ ಅದು ಮಂಗಳವಾರದ ಮಾತು.

ಇವೆಲ್ಲಕ್ಕಿಂತ ಪ್ರಾಮಾಣಿಕವಾದದ್ದು ದಾಮಿನಿ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆ ರೂಪಿಸಿದ ಈ ಸಿಡಿಲಿನ ಆ್ಯಪ್, ನಕಾಶೆಯ ಮೇಲೆ ಐದೈದು ನಿಮಿಷದ ಲೆಕ್ಕದಲ್ಲಿ ಬೇರೆಬೇರೆ ಬಣ್ಣದ ಗುರುತು ಹಾಕುತ್ತದೆ. ಯಾವ ಸಿಡಿಲು ಈಗ ಬಿದ್ದದ್ದು, ಯಾವುದು ಹತ್ತು ನಿಮಿಷದ ಹಿಂದಿನದು ಎಂದು ಓದು ಬಾರದವನಿಗೂ ಕಾಣುತ್ತದೆ. ಸುದ್ದಿ ತನ್ನ ವಯಸ್ಸನ್ನು ತಾನೇ ಒಪ್ಪಿಕೊಳ್ಳುವ ಉದಾಹರಣೆ ಇದು. ಕೊರತೆಯೂ ಇಲ್ಲೇ ಇದೆ: ಇಂಟರ್ನೆಟ್ಟಿಗೆ ಸಿಗ್ನಲ್ ಬೇಕು, ಸ್ಮಾರ್ಟ್‌ಫೋನ್ ಬೇಕು. ಬೇಸಿಗೆಯ ಕೊನೆಯ ಗುಡುಗುಮಳೆಯಲ್ಲಿ ದನ ಕಾಯುತ್ತಿರುವವನ ಜೇಬಿನಲ್ಲಿ ಬಟನ್ ಫೋನ್ ಇದ್ದರೆ ದಾಮಿನಿ ಅವನಿಗಿಲ್ಲ.

ಎಸ್ಸೆಮ್ಮೆಸ್ ಆ ಫೋನಿಗೆ ತಲುಪುತ್ತದೆ, ಆದರೆ ಸರದಿಯಲ್ಲಿ. ಫೋನ್ ಆಫ್ ಆಗಿದ್ದರೆ ಸಂದೇಶ ಕಾದಿದ್ದು, ಮೋಡ ಚದುರಿದ ಮೇಲೂ ಎಚ್ಚರಿಕೆ ಕೊಡುತ್ತದೆ. ಸೆಲ್ ಬ್ರಾಡ್‌ಕಾಸ್ಟ್ ಈ ರೋಗಕ್ಕೆ ಸರಿಯಾದ ಮದ್ದು. ಕರ್ನಾಟಕದ ಅನೇಕ ಮೊಬೈಲುಗಳು ಜೋರಾಗಿ ಕೂಗಿದ 2023ರ ಅಕ್ಟೋಬರ್ 12ರ ಪರೀಕ್ಷೆ ನಡೆದದ್ದು ಇದರದೇ. ಟವರ್ ತನ್ನ ವ್ಯಾಪ್ತಿಯ ಫೋನುಗಳಿಗೆಲ್ಲ ಒಮ್ಮೆಗೇ ಸಾರುತ್ತದೆ, ಅವಧಿ ಮುಗಿದ ಮೇಲೆ ನಿಲ್ಲಿಸುತ್ತದೆ.

ಗಡಿಯಲ್ಲಿ ಇದಕ್ಕೊಂದು ವಿಶೇಷ ಅನುಕೂಲವೂ ಇದೆ. ಸಿಮ್ ಯಾವ ರಾಜ್ಯದ್ದಾದರೂ ಎಚ್ಚರಿಕೆ ಬರುವುದು ಫೋನ್ ಹಿಡಿದ ಟವರಿನಿಂದ. ಭಾಷೆಯನ್ನು ಮಾತ್ರ ರಾಜ್ಯದ ಗಡಿ ನೋಡಿ ಆರಿಸಿದರೆ ಆ ಅನುಕೂಲ ಅರ್ಧವಾಗುತ್ತದೆ: ಅರ್ಥ ಕೇಳಿ ತಿಳಿಯುವಷ್ಟರಲ್ಲಿ ಸುದ್ದಿಯ ವಯಸ್ಸು ಮತ್ತೆ ಏರಿರುತ್ತದೆ. ಗಡಿಯಾಚೆಯ ದೇವಣಿ, ಉಮರ್ಗಾ ಸುತ್ತಿನ ಟವರುಗಳಿಂದ ಮರಾಠಿಯ ಜೊತೆ ಎರಡು ಸಾಲು ಕನ್ನಡವೂ ಬರಬೇಕು. ಬೀದರಿನ ಅಂಚಿನಲ್ಲಿ ಕನ್ನಡದ ಜೊತೆ ಮರಾಠಿ ಬರಬೇಕು. ದರಪಟ್ಟಿಗೆ ಬೇಕಾದದ್ದು ಇನ್ನೂ ಸಣ್ಣ ಕೆಲಸ. ಉದಗೀರದ ಹರಾಜು ಎಷ್ಟು ಗಂಟೆಗೆ ನಡೆಯಿತು ಎಂದು ದರದ ಪಕ್ಕದಲ್ಲೇ ನಮೂದಿಸಿದರೆ, ಎಷ್ಟು ಕೈ ದಾಟಿದರೂ ಅದು ಹಳೆಯದೆಂದು ಗೊತ್ತಾಗುತ್ತದೆ.